ಹತ್ತು ದಿನ ಎಲ್ಲಿ ಹೋದವು?

ಗೆಳತಿಯರೇ, ಐವತ್ತನೇ ವಯಸ್ಸಿನಲ್ಲಿ ಅಂಚೆ ಶಿಕ್ಷಣದ ಬಿ.ಎ.ಗೆ ಸೇರಿದ ನಾನು ಇವತ್ತು ಚಿಕ್ಕಮಗಳೂರಿನ ಭಾನುವಾರದ ತರಗತಿಯಲ್ಲಿ ಮೊದಲ ಸಲ ಬಾಯಿ ಬಿಟ್ಟೆ.

ಯುರೋಪಿನ ಇತಿಹಾಸದ ಪಾಠ. ಕ್ಯಾಲೆಂಡರ್ ಸೂರ್ಯನಿಗೆ ಹೊಂದುತ್ತಿಲ್ಲವೆಂದು 1582ರಲ್ಲಿ ಪೋಪರು ಹತ್ತು ದಿನಗಳನ್ನೇ ತೆಗೆದುಹಾಕಿದರಂತೆ. ಅಕ್ಟೋಬರ್ ನಾಲ್ಕಕ್ಕೆ ಮಲಗಿದವರು ಎದ್ದಾಗ ಹದಿನೈದು! ನಮ್ಮಮ್ಮನ ತಿಥಿ ಬರುವುದೂ ಆ ಹೊತ್ತಿಗೇ. ತಿಥಿ ತಪ್ಪಿದರೆ ಅಮ್ಮ ಹಸಿದಿರುತ್ತಾಳೆಂದು ನಂಬಿದವಳು ನಾನು. ತಡೆಯಲಾಗದೆ ಎದ್ದು ನಿಂತೆ.

“ಸರ್, ಆ ಹತ್ತು ದಿನದಲ್ಲಿ ಯಾರದ್ದಾದ್ರೂ ಅಮ್ಮನ ತಿಥಿ ಇದ್ದಿದ್ರೆ ಏನು ಮಾಡಿದ್ರು?”

ತರಗತಿ ಗೊಳ್ಳೆಂದಿತು. ಪಕ್ಕದಲ್ಲಿದ್ದ ಆಲ್ದೂರಿನ ಹುಡುಗಿ ನನ್ನ ಸೆರಗು ಜಗ್ಗಿ, “ಆಂಟೀ, ಅದು ಪರೀಕ್ಷೆಗೆ ಬರಲ್ಲ, ಕೂತ್ಕೊಳ್ಳಿ” ಎಂದಳು.

“ಅವರಲ್ಲಿ ತಿಥಿ ಮಾಡಲ್ಲಮ್ಮ” ಎಂದರು ಮೇಷ್ಟ್ರು.

“ಸತ್ತವರನ್ನ ನೆನೆಯೋ ದಿನ ಅಂತ ಒಂದು ಇರ್ತದಲ್ಲ ಸರ್?”

ಮೇಷ್ಟ್ರು ಚಾಕ್‌ಪೀಸ್ ಕೆಳಗಿಟ್ಟರು. “ಇರ್ತದೆ. ಇಷ್ಟು ವರ್ಷದಲ್ಲಿ ಇದನ್ನ ಯಾರೂ ಕೇಳಿರ್ಲಿಲ್ಲ. ನೋಡ್ಕೊಂಡು ಮುಂದಿನ ವಾರ ಹೇಳ್ತೀನಿ.”

ನಗು ನಿಂತಿತು. ನಾನು ಕೂತು, ನೋಟ್ಸಿನ ಅಂಚಿನಲ್ಲಿ ‘ಮುಂದಿನ ವಾರ’ ಎಂದು ಬರೆದುಕೊಂಡೆ.

ವಾಪಸ್ ಬರುವಾಗ ಬಸ್ಸಿನಲ್ಲಿ ಅದೇ ಹುಡುಗಿ ಬಿಡದೆ ಕೇಳಿದಳು. “ಆಂಟೀ, ನಾನು ಹುಟ್ಟಿದ್ದು ಅಕ್ಟೋಬರ್ ಎಂಟು. ಆಗ ಅಲ್ಲಿ ಇದ್ದಿದ್ರೆ ಆ ವರ್ಷ ನಂಗೆ ವಯಸ್ಸೇ ಆಗ್ತಿರ್ಲಿಲ್ವಾ?”

“ಅದು ಪರೀಕ್ಷೆಗೆ ಬರಲ್ಲ ಮಾರಾಯ್ತಿ” ಎಂದೆ.

ಆದರೂ ಇಬ್ಬರೂ ಬೆರಳು ಮಡಚಿ ಎಣಿಸುತ್ತಲೇ ಇದ್ದೆವು. ಆಲ್ದೂರು ಹಿಂದೆ ಹೋದದ್ದು ಕಂಡಕ್ಟರ್ ಬೈದ ಮೇಲೇ ಅವಳಿಗೆ ಗೊತ್ತಾದದ್ದು.