ಮೋರೋನ ಕಿವಿ

ಬೆಳಕು ಹರಿಯುವ ಮುಂಚೆ ದೊನಾತಾ ಮಾಡಿ ಮುಗಿಸಿದ ಕೆಲಸಗಳು ಇವು. ಮೂರೂವರೆಯ ಗೂಡ್ಸ್ ಗಾಡಿಗೆ ಗೇಟು ಹಾಕಿದಳು, ಗಾಡಿ ಹೋದ ಮೇಲೆ ತೆಗೆದಳು. ಒಲೆ ಹೊತ್ತಿಸಿದಳು. ಉಪ್ಪು ಹಚ್ಚಿಟ್ಟಿದ್ದ ಬದನೆಕಾಯಿ ಹೋಳುಗಳನ್ನು ಹಿಂಡಿ ಎಣ್ಣೆಯಲ್ಲಿ ಕರಿದಳು. ಹನ್ನೊಂದು ಮೊಟ್ಟೆ ಒಡೆದು, ಈರುಳ್ಳಿ ಆಲೂಗಡ್ಡೆ ಸೇರಿಸಿ ದಪ್ಪಗೆ ಬೇಯಿಸಿ, ಎರಡು ದೊಡ್ಡ ಬ್ರೆಡ್ಡುಗಳ ಹೊಟ್ಟೆ ಸೀಳಿ ಒಳಗಿಟ್ಟಳು. ಬಾವಿಯಿಂದ ಆರು ಬಕೆಟ್ ನೀರು ಸೇದಿದಳು. ಗಂಡನ ಬಿಳಿ ಅಂಗಿಗೆ ಇಸ್ತ್ರಿ ಮಾಡಿದಳು, ಮಗನ ಚಡ್ಡಿಗೆ ಗುಂಡಿ ಹೊಲಿದಳು, ನಿದ್ದೆಯಲ್ಲೇ ತೂಗಾಡುತ್ತಿದ್ದ ಮಗಳನ್ನು ತೊಡೆಗೆ ಒರಗಿಸಿಕೊಂಡು ಜಡೆ ಹಾಕಿದಳು. ಗೇಟು ಇಳಿಸುವ ಹಿಡಿಕೆಯ ಹಲ್ಲುಗಾಲಿಗೆ ಎಣ್ಣೆ ಬಿಟ್ಟಳು. ದೀಪದ ಗಾಜು ಒರೆಸಿ ಸೀಮೆಎಣ್ಣೆ ತುಂಬಿದಳು. ಐದು ಹತ್ತರ ಪ್ಯಾಸೆಂಜರಿಗೆ ಮತ್ತೆ ಗೇಟು ಹಾಕಿ ತೆಗೆದಳು. ಕೊನೆಗೆ ಒಂದು ರಟ್ಟಿನ ಮೇಲೆ ನಾಲ್ಕು ದಿನದ ರೈಲುಗಳ ಹೊತ್ತನ್ನೆಲ್ಲ ದಪ್ಪ ಅಂಕಿಗಳಲ್ಲಿ ಬರೆದು, ಅತ್ತೆಗೆ ಕಾಣುವ ಹಾಗೆ ಗೋಡೆಗೆ ಮೊಳೆ ಹೊಡೆದು ತೂಗುಹಾಕಿದಳು.

ಆಮೇಲೆ ಅವಳ ಗಂಡ ವೀತೋ ಎದ್ದ. ಆಕಳಿಸಿ, "ಇನ್ನೂ ರೆಡಿ ಆಗಿಲ್ವಾ?" ಎಂದು ಕೇಳಿದ.

ಅದು 1962ರ ಆಗಸ್ಟ್ ಹದಿನಾಲ್ಕು. ಮರುದಿನ ದೇವಮಾತೆಯ ಹಬ್ಬ. ಕಲಾಬ್ರಿಯಾದ ಆ ಕರಾವಳಿಯಲ್ಲಿ ಊರುಗಳಿರುವುದು ಬೆಟ್ಟದ ಮೇಲೆ, ಸಮುದ್ರ ಕೆಳಗೆ, ನಡುವೆ ರೈಲು ಹಳಿ. ಸಮುದ್ರಕ್ಕೆ ಹೋಗಬೇಕಾದವರು ಹಳಿ ದಾಟಲೇಬೇಕು. ಹಬ್ಬದ ಹಿಂದಿನ ಮಧ್ಯಾಹ್ನ ಬೆಟ್ಟದ ಊರಿಗೆ ಊರೇ ಹಾಸಿಗೆ, ಪಾತ್ರೆ, ಕಲ್ಲಂಗಡಿ, ಅಜ್ಜಿಯರ ಸಮೇತ ಇಳಿದು ಬರುತ್ತದೆ. ಮರಳಿನ ಮೇಲೆ ಸೊಪ್ಪಿನ ಚಪ್ಪರ ಹಾಕಿ ಎರಡು ದಿನ ಅಲ್ಲೇ ಇರುತ್ತದೆ. ಕತ್ತೆಗಾಡಿಗಳು, ಮಕ್ಕಳನ್ನು ಪೇರಿಸಿಕೊಂಡ ಟ್ರ್ಯಾಕ್ಟರುಗಳು, ಎಲ್ಲವೂ ಹಳಿ ದಾಟುತ್ತಿದ್ದದ್ದು ದೊನಾತಾಳ ಮನೆ ಮುಂದಿನ ಇನ್ನೂರ ಹನ್ನೆರಡನೇ ಗೇಟಿನಲ್ಲಿ.

ಕಾಗದದ ಮೇಲೆ ರೈಲ್ವೆಯ ಆಳು ವೀತೋ. ಹಳಿ ರಿಪೇರಿ ಗ್ಯಾಂಗಿನಲ್ಲಿ ಅವನಿಗೆ ಕೆಲಸ, ಆ ಕೆಲಸಕ್ಕೆ ಅಂಟಿಕೊಂಡು ಮನೆ, ಮನೆಗೆ ಅಂಟಿಕೊಂಡು ಗೇಟು. ಮನೆಗೆ ಒಲೆ ಇದ್ದ ಹಾಗೆ ಗೇಟೂ ಇತ್ತು. ಒಲೆ ನೋಡಿಕೊಳ್ಳುವವಳೇ ಅದನ್ನೂ ನೋಡಿಕೊಳ್ಳಬೇಕು, ಅದರಲ್ಲಿ ಹೇಳಿಸಿಕೊಳ್ಳುವಂಥದ್ದೇನೂ ಇರಲಿಲ್ಲ. ವೀತೋನ ತಾಯಿ ಸಾವೇರಿಯಾ ಇಪ್ಪತ್ತಾರು ವರ್ಷ ನೋಡಿಕೊಂಡಿದ್ದಳು. ಸೊಸೆ ಬಂದ ದಿನ ಹಿಡಿಕೆಯನ್ನು ಅವಳ ಕೈಗೆ ಕೊಟ್ಟು, ತಾನು ಬಾಗಿಲ ಬಳಿ ಕುರ್ಚಿ ಹಾಕಿಕೊಂಡು ಕೂತು, ತಪ್ಪು ಹುಡುಕುವ ಕೆಲಸ ವಹಿಸಿಕೊಂಡಳು.

ಗೋಡೆಗೆ ಒಂದು ದೊಡ್ಡ ಗಂಟೆ. ಪಕ್ಕದ ಸ್ಟೇಷನ್ನಿನಿಂದ ರೈಲು ಬಿಟ್ಟ ಕೂಡಲೇ ಅದು ಬಡಿಯುತ್ತಿತ್ತು. ಬಡಿದ ಮೇಲೆ ಆರು ನಿಮಿಷ ಸಮಯ, ಅಷ್ಟೇ. ದೊನಾತಾಳ ಹನ್ನೊಂದು ವರ್ಷ ಆರಾರು ನಿಮಿಷಗಳ ತುಂಡುಗಳಾಗಿ ಕತ್ತರಿಸಿ ಹೋಗಿತ್ತು. ಹಿಟ್ಟು ಕಲಸಿದ ಕೈಯಲ್ಲೇ ಹಿಡಿಕೆ ತಿರುಗಿಸಿದ್ದಳು. ಮಗಳು ನೀನಾ ಹುಟ್ಟಿದ್ದೇ ಎರಡು ರೈಲುಗಳ ನಡುವೆ. ಮಗುವನ್ನು ತೊಳೆದು ಕೈಗೆ ಕೊಟ್ಟಾಗ ಮುಖ ನೋಡುವುದಕ್ಕೆ ಮೊದಲು ಗಡಿಯಾರ ನೋಡಿದ್ದಳು. ಸಮುದ್ರ ಮನೆಯಿಂದ ನಲವತ್ತು ಹೆಜ್ಜೆ. ಹನ್ನೊಂದು ವರ್ಷದಲ್ಲಿ ಅವಳು ಅದರಲ್ಲಿ ಕಾಲಿಟ್ಟದ್ದು ನಾಲ್ಕು ಸಲ.

ಆ ವರ್ಷ ವೀತೋಗೆ ರಜೆಯೂ ಸಿಕ್ಕಿತು, ಸಂಸಾರಕ್ಕೆಲ್ಲ ರೈಲಿನ ಪಾಸೂ ಸಿಕ್ಕಿತು. ಹಬ್ಬದ ವಾರದಲ್ಲಿ ಗೇಟಿಗೆ ಬದಲಿ ಆಳು ಯಾರೂ ಇಲ್ಲವೆಂದಾಗ ಅಮ್ಮನ ಹೆಸರು ಬರೆದುಕೊಟ್ಟ. ದಕ್ಷಿಣಕ್ಕೆ ರೆಜ್ಜೋದಲ್ಲಿ ಅಣ್ಣನ ಮನೆ, ಅಲ್ಲಿಂದ ಆಚೆ ಕರಾವಳಿಯ ಪಾವೊಲಾದಲ್ಲಿ ತಂಗಿಯ ಮನೆ, ಬೆಟ್ಟ ಹತ್ತಿ ಇಳಿದು ವಾಪಸ್ಸು. ಪೆನ್ಸಿಲಿನಲ್ಲಿ ಒಂದು ವೃತ್ತ ಬರೆದು, "ಇಡೀ ದಕ್ಷಿಣ ಸುತ್ತಿಸ್ತೀನಿ ನಿನ್ನ," ಎಂದ. ದೊನಾತಾಗೆ ಆ ವೃತ್ತದ ಮೇಲೆ ಕಂಡದ್ದು ಭಾವನ ಮನೆಯ ಅಡುಗೆಮನೆ, ನಾದಿನಿಯ ಮನೆಯ ಅಡುಗೆಮನೆ. ಆದರೂ ಗಂಟೆಯಿಲ್ಲದ ನಾಲ್ಕು ದಿನ ಎಂದುಕೊಂಡಾಗ ಮೈಯೆಲ್ಲ ಹಗುರವಾಗಿತ್ತು.

ಹೊರಡುವಾಗ ನಾಯಿಯ ವಿಷಯಕ್ಕೆ ಜಗಳವಾಯಿತು. ಮೋರೋ ಮುದಿ ನಾಯಿ, ಕಪ್ಪು ಬಣ್ಣ, ಹಲ್ಲು ಅರ್ಧ ಹೋಗಿತ್ತು. ಒಂಬತ್ತು ವರ್ಷದ ಮಗ ಮಿಕೇಲೆ ಅದನ್ನು ಬಿಟ್ಟು ಬರುವುದಿಲ್ಲವೆಂದು ಹಗ್ಗ ಹಿಡಿದು ನಿಂತ. ಹಗ್ಗದ ಇನ್ನೊಂದು ಕಡೆಯನ್ನು ಅಜ್ಜಿ ಹಿಡಿದಿದ್ದಳು.

"ನಾಯಿ ಇಲ್ಲೇ ಇರ್ಲಿ," ಎಂದಳು ಸಾವೇರಿಯಾ.

"ಯಾಕಮ್ಮ, ಕಳ್ಳ ಬರ್ತಾನಾ? ನಮ್ಮನೆಗೆ ಬಂದ ಕಳ್ಳ ಅಯ್ಯೋ ಪಾಪ ಅಂತ ತಾನೇ ಏನಾದ್ರೂ ಇಟ್ಟು ಹೋಗ್ತಾನೆ. ಮಗು ಕರ್ಕೊಂಡು ಹೋಗ್ಲಿ ಬಿಡು."

ಮುದುಕಿ ಮಗನ ಬಾಯಿಯನ್ನೇ ನೋಡುತ್ತಿದ್ದಳು. ನರಿ ಬರುತ್ತದೆ, ಕೋಳಿಗೆ ಕಾವಲು ಬೇಕು ಎಂದಳು. ಮುದಿ ನಾಯಿಗೆ ಬಿಸಿಲಾಗುವುದಿಲ್ಲ ಎಂದಳು. ಒಂದಕ್ಕೊಂದು ಹೊಂದದ ನಾಲ್ಕು ಕಾರಣ ಕೊಟ್ಟಳು. ವೀತೋ ನಗುತ್ತ ಅವಳ ಕೈಯಿಂದ ಹಗ್ಗ ಬಿಡಿಸಿದ. ಹಗ್ಗ ಹೋದ ಮೇಲೂ ಅವಳ ಬೆರಳುಗಳು ಮುಚ್ಚಿಕೊಂಡೇ ಇದ್ದವು.

ತಿರುವಿನ ಬಳಿ ದೊನಾತಾ ಹಿಂದಿರುಗಿ, ಬಾವಿಯ ಮುಚ್ಚಳ ಹಾಕಬೇಕೆಂದು ಕೂಗಿ ಹೇಳಿದಳು. ಗೇಟಿನ ಬಳಿ ಬೆನ್ನು ಮಾಡಿ ನಿಂತಿದ್ದ ಅತ್ತೆ ತಿರುಗಲಿಲ್ಲ. ಸಿಟ್ಟು ಎಂದುಕೊಂಡಳು ದೊನಾತಾ. ಹನ್ನೊಂದು ವರ್ಷದಲ್ಲಿ ಒಂದು ದಿನವೂ ಸೊಸೆಯ ಮಾತಿಗೆ ಕಿವಿಗೊಡದ ಅತ್ತೆಗೆ ಈಗೀಗ ಕಿವಿಯೇ ಇಲ್ಲವೆಂದು ಯಾವ ಸೊಸೆಗೆ ತಾನೇ ಅನುಮಾನ ಬರುತ್ತದೆ?

ರೈಲಿನಲ್ಲಿ ಕಾಲಿಡಲು ಜಾಗವಿರಲಿಲ್ಲ. ಆಫ್ರಿಕಾ ಕಡೆಯ ಬಿಸಿಗಾಳಿ ಕಿಟಕಿಯಿಂದ ನುಗ್ಗಿ, ಮರದ ಬೆಂಚಿನ ಮೇಲೆ ಕೈಯಿಟ್ಟರೆ ಅಂಟುತ್ತಿತ್ತು. ಒಂದು ಅಲೆಯೂ ಇಲ್ಲದ ಸಮುದ್ರ ಎಣ್ಣೆಯ ಹಾಗೆ ಮಲಗಿತ್ತು. ಕಿಟಕಿಯಾಚೆ ಒಂದೊಂದೇ ಗೇಟು ಹಿಂದೆ ಸರಿಯುತ್ತಿತ್ತು. ಪ್ರತಿಯೊಂದರ ಬಳಿಯೂ ಒಬ್ಬ ಹೆಂಗಸು, ಸುತ್ತಿ ಹಿಡಿದ ಬಾವುಟ, ಹಿಂದೆ ಕಾಯುತ್ತಿರುವ ಗಾಡಿಗಳು. ದೊನಾತಾ ಮಕ್ಕಳಿಗೆ ಬ್ರೆಡ್ಡು ಕತ್ತರಿಸಿ ಕೊಟ್ಟಳು, ಗಂಡನಿಗೆ ಕೊಟ್ಟಳು, ಎದುರಿಗೆ ಕೂತ ಅಪರಿಚಿತರಿಗೆ ಕೊಟ್ಟಳು, ತನಗೆ ಅಂಚು ಉಳಿಯಿತು.

ಟಿಕೆಟ್ ನೋಡಲು ಬಂದ ಗಾರ್ಡು ವೀತೋನ ಪರಿಚಯದವನು. ಹಬ್ಬಕ್ಕೆಂದು ಮೂರು ದಿನ ಹೆಚ್ಚುವರಿ ಗಾಡಿ ಬಿಟ್ಟಿದ್ದಾರೆ, ಮೊದಲನೆಯದು ಇವತ್ತೇ, ಕ್ರೊತೋನೆಯಿಂದ ಹೊರಟು ನಿಮ್ಮ ಗೇಟು ದಾಟುವಾಗ ನಾಲ್ಕು ಗಂಟೆ ಎಂದು ಹೇಳಿದ. ದೊನಾತಾ ಬ್ರೆಡ್ಡಿನ ಚಾಕು ಕೆಳಗಿಟ್ಟಳು. ಆ ಗಾಡಿ ಅವಳ ರಟ್ಟಿನ ಮೇಲೆ ಇರಲಿಲ್ಲ.

"ಅತ್ತೆಗೆ ಗೊತ್ತಿಲ್ವಲ್ಲ," ಎಂದಳು.

"ಗಂಟೆ ಬಡಿಯುತ್ತಲ್ಲ," ಎಂದ ವೀತೋ, ಕಿಟಕಿಯ ಕಡೆಗೆ ಮುಖ ತಿರುಗಿಸಿ.

ಮಧ್ಯಾಹ್ನ ಒಂದು ಗಂಟೆಯ ಸುಮಾರಿಗೆ ರೊಚ್ಚೆಲ್ಲಾ ಊರು ದಾಟಿ ಒಂದು ಸಣ್ಣ ಸ್ಟೇಷನ್ನಿನಲ್ಲಿ ರೈಲು ನಿಂತಿತು. ಒಂಟಿ ಹಳಿ, ಎದುರಿನಿಂದ ಬರುವ ಗಾಡಿಗೆ ದಾರಿ ಬಿಡಬೇಕು. ಜನ ಬೆವರು ಒರೆಸಿಕೊಳ್ಳುತ್ತ ಕೂತಿದ್ದರು. ಆಗ ಸ್ಟೇಷನ್ನಿನ ಗೋಡೆಯ ಗಂಟೆ ಬಡಿಯಿತು. ಅವಳ ಮನೆಯ ಗೋಡೆಯಲ್ಲಿದ್ದಂಥದೇ ಗಂಟೆ, ಅದೇ ದನಿ.

ಬೆಂಚಿನ ಕೆಳಗೆ ಸತ್ತ ಹಾಗೆ ಮಲಗಿದ್ದ ಮೋರೋ ಎದ್ದು ನಿಂತಿತು. ಕಿವಿ ನೆಟ್ಟಗಾದವು. ಹಗ್ಗ ಎಳೆಯುವಷ್ಟು ದೂರ ನಡೆದು, ಹಿಂದಿರುಗಿ, ಕೂತವರ ಮುಖಗಳನ್ನು ಒಂದೊಂದಾಗಿ ನೋಡಿತು. ಯಾರಾದರೂ ಏಳಬೇಕಿತ್ತಲ್ಲ, ಯಾಕೆ ಯಾರೂ ಏಳುತ್ತಿಲ್ಲ ಎನ್ನುವ ಹಾಗೆ.

ದೊನಾತಾ ಗೋಡೆಯ ಗಂಟೆಯನ್ನು ನೋಡಿದಳು, ನಾಯಿಯನ್ನು ನೋಡಿದಳು.

ಚಳಿಗಾಲ ಕಳೆದಾಗಿನಿಂದ ಅತ್ತೆ ತನ್ನ ಕುರ್ಚಿಯ ಕಾಲಿಗೆ ನಾಯಿಯನ್ನು ಕಟ್ಟಿಕೊಂಡಿರುತ್ತಿದ್ದಳು. ಭಾನುವಾರದ ಮಾಂಸದ ಮೂಳೆ ಮೊಮ್ಮಕ್ಕಳ ತಟ್ಟೆ ದಾಟಿ ಅದರ ಬಾಯಿಗೆ ಹೋಗುತ್ತಿತ್ತು. ದೊನಾತಾ ಬಟ್ಟೆ ಒಗೆಯಲು ಹೋದಾಗ ಅತ್ತೆಯೇ ಗೇಟು ಹಾಕಿದ ದಿನಗಳಿದ್ದವು. ಆ ದಿನಗಳಲ್ಲೆಲ್ಲ ಮುದುಕಿ ಗಂಟೆಯ ಕಡೆಗೆ ತಲೆ ಎತ್ತಿದ್ದನ್ನು ಅವಳು ನೋಡಿರಲಿಲ್ಲ. ನಾಯಿ ಎದ್ದಾಗ ಎದ್ದದ್ದನ್ನು ನೋಡಿದ್ದಳು. ನೋಡಿಯೂ ನಾಯಿಯ ಮೇಲಿನ ಪ್ರೀತಿ ಎಂದುಕೊಂಡಿದ್ದಳು.

ಅವಳು ಗಂಡನ ಕಡೆಗೆ ಬಾಗಿ ಮೆಲ್ಲಗೆ, "ವೀತೋ, ಅತ್ತೆಗೆ ಕಿವಿ ಕೇಳಲ್ಲ," ಎಂದಳು.

ಅವನು ಬೆಚ್ಚಿಬೀಳಲಿಲ್ಲ. ಅವಳಿಗೆ ಹೆದರಿಕೆಯಾದದ್ದು ಅದಕ್ಕೆ.

"ಸ್ವಲ್ಪ ಮಂದ," ಎಂದ. "ವಯಸ್ಸಾಯ್ತಲ್ಲ."

"ಗೇಟಿಗೆ ಕೂರೋಕೆ ಕಣ್ಣು ಕಿವಿ ಸರಿ ಇದೆ ಅಂತ ಡಾಕ್ಟರು ಕಾಗದ ಕೊಟ್ಟಿದ್ರಲ್ಲ?"

"ಕೊಟ್ರು. ನಾನು ಕೇಳಿದೆ, ಕೊಟ್ರು. ಇಪ್ಪತ್ತಾರು ವರ್ಷದ ಅಭ್ಯಾಸ ಕಣೇ. ನೆಲ ಅದುರಿದ್ರೆ ಅವಳ ಕಾಲಿಗೇ ಗೊತ್ತಾಗುತ್ತೆ."

"ನೆಲ ಅದುರೋ ಹೊತ್ತಿಗೆ ಗಾಡಿ ತಲೆ ಮೇಲಿರುತ್ತೆ. ಅವಳು ನಡೆಸ್ತಿದ್ದದ್ದು ಈ ನಾಯಿಯಿಂದ. ನಾವು ಅದನ್ನೇ ಕರ್ಕೊಂಡು ಬಂದ್ವಿ."

ವೀತೋ ನಾಯಿಯನ್ನು ನೋಡಿದ. ಅದು ಇನ್ನೂ ನಿಂತೇ ಇತ್ತು. ಒಂದು ಕ್ಷಣ ಅವನ ಮುಖ ಬೆಳ್ಳಗಾಯಿತು, ತಾಯಿಯ ಸೆರಗು ತಪ್ಪಿಹೋದ ಹುಡುಗನ ಮುಖದ ಹಾಗೆ. ಮರುಕ್ಷಣ ಬಿಗಿಯಾಯಿತು. ಎದುರಿನವರಿಗೆ ಕೇಳಿಸದ ಹಾಗೆ, ಹಲ್ಲುಗಳ ನಡುವಿನಿಂದ ಹೇಳಿದ: "ಆ ಕಾಗದಕ್ಕೆ ಸಹಿ ಹಾಕಿ ರೈಲ್ವೆಗೆ ಕೊಟ್ಟಿರೋನು ನಾನು. ಬಾಯಿ ಬಿಟ್ಟೆ ಅಂದ್ರೆ ನನ್ನ ಕೆಲಸ ಹೋಯ್ತು, ಮನೆ ಹೋಯ್ತು. ಮಕ್ಕಳನ್ನ ಎಲ್ಲಿ ಮಲಗಿಸ್ತೀಯಾ? ಏನೂ ಆಗಲ್ಲ. ನಿಂಗೆ ರಜಾ ಅಂದ್ರೇನೇ ಭಯ."

ಎದುರಿನ ಮುದುಕ, ಏನಮ್ಮ ಗಂಡ ಹೆಂಡ್ತಿ ಗುಟ್ಟು ಎಂದು ನಕ್ಕ. ವೀತೋನೂ ನಕ್ಕ.

ನೀನಾ ನೀರು ಕೇಳಿದಳು. ಬಾಟಲಿ ಖಾಲಿಯಾಗಿತ್ತು.

ರೈಲು ನಿಂತಾಗ ಇಳಿದು ನಲ್ಲಿಯಲ್ಲಿ ನೀರು ತುಂಬಿಕೊಂಡು ಬರುವುದು ಹೆಂಗಸರ ಕೆಲಸ. ಯಾರೂ ಯಾಕೆಂದು ಕೇಳುವುದಿಲ್ಲ. ದೊನಾತಾ ಬಾಟಲಿ ಎತ್ತಿಕೊಂಡು ಎದ್ದಳು. "ಬೇಗ ಬಾ, ಎದುರು ಗಾಡಿ ಬಂದ್ರೆ ಹೊರಡುತ್ತೆ," ಎಂದ ವೀತೋ. ಮಿಕೇಲೆಯ ಹಣೆಯ ಕೂದಲು ಸರಿಸಿ ಅವಳು ಕೆಳಗಿಳಿದಳು.

ನಲ್ಲಿಯ ಬಳಿ ಏಳೆಂಟು ಹೆಂಗಸರಿದ್ದರು. ಸರದಿ ಬಂದಾಗ ಬಾಟಲಿ ಹಿಡಿದಳು, ತುಂಬಿತು, ತುಂಬಿ ಹರಿಯಿತು. ಹಿಂದಿನವಳು ಅದೇನು ಸಮುದ್ರ ತುಂಬಿಸ್ತೀಯಾ ಎಂದು ಗೊಣಗಿದಳು. ದೊನಾತಾ ನೀನಾಳನ್ನು ಕಿಟಕಿಗೆ ಕರೆದು ಬಾಟಲಿ ಕೊಟ್ಟಳು. ಕೊಟ್ಟು, ಬೋಗಿಯ ಬಾಗಿಲಿನ ಕಡೆ ಹೋಗದೆ ಸ್ಟೇಷನ್ ಮಾಸ್ಟರನ ಕೋಣೆಯ ಕಡೆ ನಡೆದಳು.

ಕೋಟು ಬಿಚ್ಚಿಟ್ಟು ಗಾಳಿ ಹಾಕಿಕೊಳ್ಳುತ್ತಿದ್ದ ಮಾಸ್ಟರನನ್ನು ಮೊದಲು ಕೇಳಿದ್ದು ವಾಪಸ್ಸು ಹೋಗುವ ಗಾಡಿಯನ್ನು. ಈಗ ಬರುವುದು ಎಕ್ಸ್‌ಪ್ರೆಸ್, ಇಲ್ಲಿ ಯಾರನ್ನೂ ಹತ್ತಿಸಿಕೊಳ್ಳುವುದಿಲ್ಲ. ಆಮೇಲಿನದು ಮೂರೂ ಹತ್ತಕ್ಕೆ, ಆ ಕಡೆ ಮುಟ್ಟುವಾಗ ಏಳಾಗುತ್ತದೆ ಎಂದ. ಗೋಡೆಯ ಗಡಿಯಾರದಲ್ಲಿ ಒಂದೂ ಇಪ್ಪತ್ತು. ಮೇಜಿನ ಮೇಲೆ ರೈಲ್ವೆಯ ಫೋನು. ಅದರಲ್ಲಿ ಹೇಳಿದ ಮಾತು ಸ್ಟೇಷನ್ನಿನಿಂದ ಸ್ಟೇಷನ್ನಿಗೆ ಬಾಯಿಂದ ಬಾಯಿಗೆ ದಾಟಿ ಹೋಗುತ್ತದೆಂದು ಅವಳಿಗೆ ಗೊತ್ತಿತ್ತು. ಸಂಜೆಯೊಳಗೆ ಹಳಿಯುದ್ದಕ್ಕೂ ಗೊತ್ತಾಗದ ಮನೆ ಉಳಿಯುವುದಿಲ್ಲ.

ಅತ್ತೆಗೆ ಜ್ವರ ಅಂತ ಹೇಳಬಹುದಿತ್ತು. ಸೈಕಲ್ಲಿನಲ್ಲಿ ಯಾರನ್ನಾದರೂ ಕಳಿಸುತ್ತಾರೆ. ಸಾವೇರಿಯಾ ಗಟ್ಟಿಮುಟ್ಟಾಗಿ ಎದುರು ನಿಂತು, ಯಾರಿಗೆ ಜ್ವರ ಎಂದು ಪೊರಕೆ ಹಿಡಿದು ಓಡಿಸುತ್ತಾಳೆ. ನಾಲ್ಕು ಗಂಟೆಗೆ ಕುರ್ಚಿಯಲ್ಲಿ ಕೂತು, ಕಾಲ ಬಳಿಯ ಖಾಲಿ ಜಾಗ ನೋಡುತ್ತಿರುತ್ತಾಳೆ. ಟ್ರ್ಯಾಕ್ಟರು ಹಳಿ ಹತ್ತುತ್ತದೆ.

ಎದುರಿನ ಗಾಡಿ ಕಿಟಕಿಯ ಗಾಜು ಅದುರಿಸಿಕೊಂಡು ದಾಟಿ ಹೋಯಿತು. ಅವಳ ಗಾಡಿಯಲ್ಲಿ ಬಾಗಿಲುಗಳು ಮುಚ್ಚಿಕೊಳ್ಳತೊಡಗಿದವು.

"ಇನ್ನೂರ ಹನ್ನೆರಡನೇ ಗೇಟು," ಎಂದಳು ದೊನಾತಾ. "ಅಲ್ಲಿ ಕೂತಿರೋರಿಗೆ ಕಿವಿ ಕೇಳಲ್ಲ. ನಾಲ್ಕು ಗಂಟೆಯೊಳಗೆ ಯಾರನ್ನಾದ್ರೂ ಕಳಿಸಿ."

ಮಾಸ್ಟರ್ ಬೀಸಣಿಗೆ ನಿಲ್ಲಿಸಿದ. "ಕಿವಿ ಕೇಳದೋರನ್ನ ಕೂರಿಸ್ತಾರೇನಮ್ಮ? ಡಾಕ್ಟರ ಕಾಗದ ಇರುತ್ತೆ."

"ಕಾಗದ ಇದೆ. ಸುಳ್ಳು ಕಾಗದ."

"ಯಾರು ಕೊಟ್ಟಿದ್ದು? ಹೆಸರು ಬೇಕಾಗುತ್ತೆ. ನಾಳೆ ಕೇಳ್ತಾರೆ."

ಹೊರಗೆ ಸೀಟಿ ಕೂಗಿತು. ವೀತೋ ಅವಳ ಹೆಸರು ಹಿಡಿದು ಕೂಗಿದ, ಎರಡನೇ ಸಲ ಕೂಗಿದಾಗ ದನಿ ಒಡೆದಿತ್ತು. ನಾಯಿ ಬೊಗಳಿತು. ಗಾಲಿಗಳು ಉರುಳತೊಡಗಿದವು. ದೊನಾತಾ ಬಾಗಿಲ ಕಡೆ ತಿರುಗಲಿಲ್ಲ. ಮಾಸ್ಟರನ ಕೈ ಫೋನಿನ ಮೇಲೆ ಬರುವವರೆಗೆ ಆ ಕೈಯನ್ನೇ ನೋಡುತ್ತ, ಮೊದಲು ಅತ್ತೆಯ ಹೆಸರು ಹೇಳಿದಳು. ಆಮೇಲೆ ಗಂಡನದು.