ಟೋಲ್‌ಗೂಡಿನ ಓರಗಿತ್ತಿ

ನನ್ನ ಓರಗಿತ್ತಿ ಹೆದ್ದಾರಿಯ ಟೋಲ್‌ಗೇಟಿನಲ್ಲಿ ಕೆಲಸ ಮಾಡುತ್ತಾಳೆ. ಅವಳ ಗಾಜಿನ ಗೂಡಿನಲ್ಲಿ ಒಂದು ಕುರ್ಚಿ, ಒಂದು ಕಂಪ್ಯೂಟರ್, ಅಂಗೈಯಗಲದ ಫ್ಯಾನ್. ಕಾಲು ಚಾಚಿದರೆ ಬಾಗಿಲು ತಾಗುತ್ತದೆ. ಶೌಚಕ್ಕೆ ಎದ್ದು ಹೋಗಬೇಕಾದರೆ ಬದಲಿಗೆ ಒಬ್ಬರು ಬರಬೇಕು. ಆ ಒಬ್ಬರು ಯಾವತ್ತೂ 'ಇನ್ನೇನು ಬಂದ್ರು'. ಹಾಗಾಗಿ ಅಲ್ಲಿನ ಹೆಂಗಸರು ನೀರು ಕುಡಿಯುವುದನ್ನೇ ಬಿಟ್ಟಿದ್ದಾರೆ. "ನಾನು ಒಂಟೆ ಕಣೇ," ಎಂದು ಅಕ್ಕ ನಗುತ್ತಿದ್ದಳು.

ಆ ನಗು ಮೂತ್ರದ ಸೋಂಕಿನಿಂದ ನಿಂತಿತು. ಜ್ವರ, ಉರಿ, ಮಾತ್ರೆ. ಮಾತ್ರೆ ಮುಗಿದರೆ ಮತ್ತೆ ಜ್ವರ. ಹೀಗೇ ಆದರೆ ಕಿಡ್ನಿಗೆ ಪೆಟ್ಟು ಎಂದರು ಡಾಕ್ಟರಮ್ಮ. ಅವಳ ಬಿಗಿದ ದವಡೆ, ಕಿವಿಯವರೆಗೆ ಏರಿದ ಭುಜ ನೋಡಿ ಇನ್ನೊಂದನ್ನೂ ಹೇಳಿದರು: ದಿನಾ ಅಂಗಾತ ಮಲಗಿ, ಕಾಲ್ಬೆರಳಿನಿಂದ ನೆತ್ತಿಯವರೆಗೆ ಒಂದೊಂದೇ ಅಂಗಕ್ಕೆ ಗಮನ ಒಯ್ಯಬೇಕು. ಬಾಡಿ ಸ್ಕ್ಯಾನ್. ಏನನ್ನೂ ಸರಿಪಡಿಸಲು ಹೋಗಬಾರದು, ಇರುವುದನ್ನು ಗಮನಿಸಿದರೆ ಸಾಕು.

"ಮಲಗೋದಕ್ಕೂ ಟ್ಯೂಷನ್ನಾ?" ಎಂದರು ಭಾವ.

"ನಿಮಗೆ ಬೇಡ ಬಿಡಿ, ನೀವು ಅದರಲ್ಲಿ ಡಿಗ್ರಿ ಮಾಡಿದೀರಿ," ಎಂದಳು ಅಕ್ಕ.

ಬಾಡಿ ಸ್ಕ್ಯಾನ್ ಹೇಳಿಕೊಡುವ ಫೋನಿನ ದನಿ ಅವಳಿಗೆ 'ರಸೀದಿ ಪಡೆಯಿರಿ' ಎಂದಂತೆ ಕೇಳಿಸಿತಂತೆ. ಹಾಗಾಗಿ ಸಂಜೆ ಮಗಳನ್ನು ಮಡಿಲಲ್ಲಿಟ್ಟುಕೊಂಡು ನಾನೇ ಹೇಳತೊಡಗಿದೆ. ಹಿಮ್ಮಡಿ. ಮೀನಖಂಡ. ಮಂಡಿ. ತೊಡೆ. ಕಿಬ್ಬೊಟ್ಟೆ ಎಂದಾಗ, "ಅಲ್ಲೇನೂ ಗೊತ್ತಾಗ್ತಿಲ್ಲ. ಖಾಲಿ ಸೈಟು," ಎಂದಳು.

ಆ ದಿನಗಳಲ್ಲಿ ನಾನು ಮಗಳಿಗೆ ಡೈಪರ್ ಅಭ್ಯಾಸ ಬಿಡಿಸುತ್ತಿದ್ದೆ. "ಬಂದ ಹಾಗಾದ್ರೆ ತಡ್ಕೋಬೇಡ ಪುಟ್ಟಿ, ಹೇಳು," ದಿನವಿಡೀ ಇದೇ ಜಪ. ಮಗು ಕಲಿಯುತ್ತಿದ್ದುದನ್ನು ಅವಳ ದೊಡ್ಡಮ್ಮ ಸಂಬಳಕ್ಕಾಗಿ ಮರೆತುಬಿಟ್ಟಿದ್ದಳು.

ದಿನ ಕಳೆದಂತೆ ದವಡೆ ಸಡಿಲಾಯಿತು, ಭುಜ ಇಳಿಯಿತು, ಒಳ್ಳೆಯ ನಿದ್ದೆಯೂ ಬಂತು. ಕಿಬ್ಬೊಟ್ಟೆಗೂ ಅರಿವು ಮರಳಿತು. ಫಜೀತಿ ಶುರುವಾದದ್ದೇ ಆಗ. ಮೊದಲು ಮರಗಟ್ಟಿ ಕೂರುತ್ತಿದ್ದವಳಿಗೆ ಈಗ ಗೂಡಿನೊಳಗೂ ಎಲ್ಲ ಗೊತ್ತಾಗುತ್ತಿತ್ತು. ತೊಡೆ ಬಿಗಿದುಕೊಂಡು, ಮುಗಿಯದ ಲಾರಿಗಳ ಸಾಲು ನೋಡುತ್ತಾ ಒದ್ದಾಡುತ್ತಿದ್ದಳು. ಕೊನೆಗೆ, ಹೋಗಿಬರಲು ಬಿಡುವು ಕೊಡಿ ಎಂದು ಸೂಪರ್‌ವೈಸರನ್ನು ಕೇಳಿದಳು.

"ಇಷ್ಟು ವರ್ಷ ಇಲ್ಲದ್ದು ಈಗೇನಮ್ಮ? ಲೇನ್ ಮುಚ್ಚಿದ್ರೆ ನಿನ್ನ ಕೆಲಸಾನೂ ಮುಚ್ಚುತ್ತೆ."

ಭಾವನ ಅಂಗಡಿ ನಷ್ಟದಲ್ಲಿ ಬಾಗಿಲು ಹಾಕಿ, ಮನೆ ಅವಳ ಸಂಬಳದ ಮೇಲೇ ನಿಂತಿದ್ದ ಸಮಯ. ಬಿಸಿತುಪ್ಪ, ನುಂಗುವಂತಿಲ್ಲ, ಉಗುಳುವಂತಿಲ್ಲ.

ಆ ಸಂಜೆ ಚಾಪೆಯ ಮೇಲೆ ಮಲಗಿದವಳೇ, "ತೊಡೆ ಆದ್ಮೇಲೆ ನೇರ ಎದೆಗೆ ಹೋಗು. ನಡುವಿಂದು ಬೇಡ," ಎಂದಳು.

"ಹಾರಿಸಲ್ಲ ಅಕ್ಕ."

"ಹಾಗಾದ್ರೆ ನೀನೇ ಬಂದು ಕೂತ್ಕೋ ಆ ಗೂಡಲ್ಲಿ. ಆಮೇಲೆ ಉಪದೇಶ ಮಾಡು."

ಆದರೂ ತೊಡೆಯ ನಂತರ ಮೆಲ್ಲಗೆ "ಕಿಬ್ಬೊಟ್ಟೆ" ಎಂದೆ. ಅವಳು ಗೋಡೆಯ ಕಡೆ ಮುಖ ತಿರುಗಿಸಿದಳು. ಅಲ್ಲಿಂದಲೇ, "ಮತ್ತೆ ಉರೀತಿದೆ ಕಣೇ," ಎಂದಳು.

ಮರುದಿನ ಮಧ್ಯಾಹ್ನ ಅವಳ ಫೋನ್ ಬಂತು. ಹಿಂದೆ ಹಾರ್ನ್‌ಗಳ ಗಲಾಟೆ.

"ಲೇನಿಗೆ ಕೋನ್ ಅಡ್ಡ ಇಟ್ಟು ಹೋಗಿಬಂದೆ. ಒಬ್ಬ ಲಾರಿಯವನು ನನ್ನ ವಂಶಾನೇ ಜಾಲಾಡಿದ."

"ಸೂಪರ್‌ವೈಸರು?"

"ನೋಟಿಸ್ ಅಂತೆ. ದವಡೆ ಬಿಗಿದಿದೆ, ಭುಜ ಮತ್ತೆ ಕಿವಿಗೆ ಏರಿದೆ. ಹೊಟ್ಟೆ ಮಾತ್ರ ಹಗುರ. ಸಂಜೆ ಡಾಕ್ಟರಮ್ಮನ ಹತ್ರ ಹೋಗೋಣ. ನಾಳೆನೂ ಕೋನ್ ಇಡ್ತೀನಿ, ಅಲ್ಲೀವರೆಗೂ ಕೆಲಸ ಇದ್ರೆ. ಇರು, ಗಾಡಿ ಬಂತು."

ಗೂಡಿನ ಕಿಟಕಿ ಸರಿದ ಸದ್ದು ಕೇಳಿಸಿತು.