ಬೀಗರ ಜೊತೆ ಜಿಪ್‌ಲೈನ್

ಕೆರಿಬಿಯನ್ ಇನ್ನೂ ದೂರವಿದೆ. ನನ್ನ ತಾಳ್ಮೆ ಜಯನಗರದ ಟ್ರಾವೆಲ್ ಏಜೆನ್ಸಿಯಲ್ಲೇ ಮುಗಿಯಿತು. ನಮಗೂ, ಮಗಳ ಅತ್ತೆ-ಮಾವನವರಿಗೂ ಇದು ಮೊದಲ ಕ್ರೂಸ್. ಹಡಗು ದ್ವೀಪದಲ್ಲಿ ನಿಂತಾಗ ಇಳಿದು ಏನು ನೋಡುತ್ತೇವೆಂದು ಈಗಲೇ ಬುಕ್ ಮಾಡಬೇಕಂತೆ.

"ಬೀಚ್ ಸಾಕಾ ಸಾರ್?" ಎಂದಳು ಕೌಂಟರಿನ ಹುಡುಗಿ.

"ಬೀಗರು ಹೇಳಿದ ಹಾಗೆ," ಎಂದೆ.

"ಛೆ ಛೆ, ನಮ್ದೇನಿದೆ, ನೀವ್ ಹೇಳಿ," ಎಂದರು ಬೀಗರು.

ಹೆಂಗಸರೂ ಇದನ್ನೇ ಒಂದು ಸುತ್ತು ಆಡಿದರು. ಹೆಣ್ಣು ಕೊಟ್ಟವರು ನಾವು, ಮೊದಲು ಬಾಯಿ ಬಿಡುವಂತಿಲ್ಲ. ಬೀಗರು ಸಂಕೋಚದ ಮನುಷ್ಯ, ಬಾಯಿ ಬಿಡುವುದೇ ಇಲ್ಲ. ಹುಡುಗಿ ಮತ್ತೆ ಮತ್ತೆ ಮೊಬೈಲ್ ನೋಡತೊಡಗಿದಳು. ಬೀಗರ ಕಣ್ಣು ಗೋಡೆಯ ಚಿತ್ರದ ಮೇಲೆ ನೆಟ್ಟಿತ್ತು: ಕಾಡಿನ ಮೇಲೆ ತಂತಿಗೆ ನೇತಾಡುತ್ತ ಜಾರುವ ಜಿಪ್‌ಲೈನ್. ಆಸೆಯಿರಬೇಕು ಎಂದುಕೊಂಡು, "ಅದೇ ಮಾಡೋಣ್ವಾ?" ಎಂದೆ. ನನಗೋ ನಮ್ಮನೆ ಟೆರೇಸಿನ ಅಂಚಿಗೆ ಹೋಗಲೂ ಭಯ.

"ನಿಮ್ಗೆ ಇಷ್ಟ ಅಂದ್ರೆ ನಮ್ಗೂ ಇಷ್ಟ."

ನಾಲ್ಕು ಟಿಕೆಟ್ ಬುಕ್ ಆಯಿತು. ಕ್ಯಾನ್ಸಲ್ ಮಾಡುವಂತಿಲ್ಲ.

ಮನೆಗೆ ಹೊರಟಾಗ ಮೆಟ್ರೊ ನಿಲ್ದಾಣದ ಎಸ್ಕಲೇಟರ್ ಮುಂದೆ ಬೀಗರು ನಿಂತುಬಿಟ್ಟರು.

"ಮೆಟ್ಟಿಲಲ್ಲೇ ಹೋಗೋಣ ಬೀಗರೇ," ಎಂದರು. " ಇದರ ಮೇಲೆ ನಿಂತ್ರೆ ನಂಗೆ ತಲೆ ಸುತ್ತುತ್ತೆ."